ರೋಗವನ್ನು ಕರೆದು ತರುವ ಹೊಲ

ಬೆಳೆಗೆ ರೋಗ ಬರದಿರಲಿ ಎಂದು ಬಯಸದ ರೈತ ಯಾರಿದ್ದಾರೆ? ಬೀಜೋಪಚಾರ ಮಾಡುತ್ತೇವೆ, ಔಷಧ ಸಿಂಪಡಿಸುತ್ತೇವೆ, ಮೋಡ ಕವಿದರೆ ಕಳವಳಪಡುತ್ತೇವೆ. ಆದರೆ ರೋಗ ಬರಲೇಬೇಕು, ಅದೂ ಜೋರಾಗಿಯೇ ಬರಬೇಕು ಎಂದು ವರ್ಷವರ್ಷವೂ ಬಯಸುವ ಹೊಲಗಳು ಕೆಲವಿವೆ. ಅಲ್ಲಿ ರೋಗದ ಬೀಜಾಣುಗಳನ್ನು ದೂರದಿಂದ ತರಿಸುತ್ತಾರೆ, ಸಂಜೆಯ ತಂಪಿನಲ್ಲಿ ಗಿಡಗಳ ಮೇಲೆ ಎರಚುತ್ತಾರೆ, ಎಲೆ ಒಣಗದಂತೆ ನೀರು ಕೊಟ್ಟು ಆ ರೋಗವನ್ನು ಸಾಕುತ್ತಾರೆ. ಆ ವರ್ಷ ರೋಗ ಸರಿಯಾಗಿ ಬರಲಿಲ್ಲವೆಂದರೆ ಇಡೀ ಹಂಗಾಮು ವ್ಯರ್ಥವಾದಂತೆ!

ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಗೋಧಿ ತಳಿಗಳ ರೋಗ ಪರೀಕ್ಷೆ ನಡೆಯುವುದು ಈ ಬಗೆಯಲ್ಲಿ. 1965ರಲ್ಲಿ ಆರಂಭವಾದ ಅಖಿಲ ಭಾರತ ಸುಸಂಘಟಿತ ಗೋಧಿ ಸುಧಾರಣಾ ಯೋಜನೆಯಲ್ಲಿ ದೇಶವನ್ನು ಹಲವು ವಲಯಗಳಾಗಿ ವಿಂಗಡಿಸಿದ್ದಾರೆ. ಮಹಾರಾಷ್ಟ್ರ, ಕರ್ನಾಟಕ ಮೊದಲಾದ ರಾಜ್ಯಗಳು ಸೇರಿರುವುದು ದ್ವೀಪಕಲ್ಪ ವಲಯಕ್ಕೆ. ಈ ವಲಯದ ಮುಖ್ಯ ಕೇಂದ್ರಗಳಲ್ಲಿ ಧಾರವಾಡವೂ ಒಂದು. ಹೊಸ ತಳಿಯೊಂದು ರೈತರ ಕೈಗೆ ಬರುವ ಮೊದಲು ಇಂಥ ಹೊಲಗಳಲ್ಲಿ ರೋಗದ ಎದುರು ನಿಂತು ಪಾಸಾಗಬೇಕು. ಈ ಪರೀಕ್ಷೆ ಹೇಗೆ ನಡೆಯುತ್ತದೆ, ಪಾಸಾಗುವುದು ಅಂದರೆ ಏನು, ಒಮ್ಮೆ ಪಾಸಾದ ತಳಿಯನ್ನು ಎಷ್ಟು ದಿನ ನಂಬಬಹುದು ಎಂಬುದನ್ನು ತಿಳಿದರೆ ನಮ್ಮ ತಟ್ಟೆಯ ಚಪಾತಿ, ಹುಗ್ಗಿಗಳ ಹಿಂದೆ ಎಷ್ಟು ಕಾವಲು ಇದೆ ಎಂಬುದು ಅರಿವಾಗುತ್ತದೆ.

ಮೂರು ಗೋಧಿ, ಹಲವು ರೋಗ

ಗೋಧಿ ಎಂದೊಡನೆ ಪಂಜಾಬ, ಹರಿಯಾಣಗಳು ನೆನಪಾಗುತ್ತವೆ. ಆದರೆ ಉತ್ತರ ಕರ್ನಾಟಕಕ್ಕೆ ಗೋಧಿ ಹೊಸದಲ್ಲ. ನಮ್ಮ ಭಾಗದಲ್ಲಿ ಮೂರು ಬಗೆಯ ಗೋಧಿಗಳನ್ನೂ ಬೆಳೆಯುತ್ತಾರೆ. ಚಪಾತಿಗೆ ಒದಗುವ ಸಾದಾ ಗೋಧಿ ಒಂದು. ಕಪ್ಪು ಮಣ್ಣಿನ ಹಸಿಯಲ್ಲೇ ಬೆಳೆದು ರವೆ, ಸೇವಿಗೆಗಳಿಗೆ ಒದಗುವ ಬಿಜಗ ಮೊದಲಾದ ಗಟ್ಟಿ ಗೋಧಿ ಎರಡನೆಯದು. ಮೂರನೆಯದು ಜವೆ ಗೋಧಿ. ಕೆಲವೆಡೆ ಇದನ್ನು ಸದಕ ಎಂದೂ, ಬೆಳಗಾವಿಯ ಕಡೆ ಹಾಗೂ ಮಹಾರಾಷ್ಟ್ರದಲ್ಲಿ ಖಪ್ಲಿ ಎಂದೂ ಕರೆಯುತ್ತಾರೆ. ಇದರ ಕಾಳು ಹೊಟ್ಟನ್ನು ಸುಲಭವಾಗಿ ಬಿಡುವುದಿಲ್ಲ, ಕುಟ್ಟಿಯೇ ಬೇರ್ಪಡಿಸಬೇಕು. ಹುಗ್ಗಿ, ಮಾದಲಿಗಳ ರುಚಿ ಬಲ್ಲವರಿಗೆ ಇದರ ಪರಿಚಯ ಬೇಡ.

ಉತ್ತರ ಭಾರತದ ಗೋಧಿಗೆ ದೀರ್ಘವಾದ ಚಳಿಗಾಲ ಸಿಗುತ್ತದೆ. ನಮ್ಮಲ್ಲಿ ಚಳಿ ಚಿಕ್ಕದು, ಅದೂ ಹದವಾದದ್ದು. ಈ ಬೆಚ್ಚನೆಯ ಹವೆಯಲ್ಲಿ ಗೋಧಿಯನ್ನು ಕಾಡುವ ಮುಖ್ಯ ಶತ್ರುಗಳು ಶಿಲೀಂಧ್ರಗಳು, ಅಂದರೆ ಬೂಷ್ಟಿನ ಜಾತಿಗೆ ಸೇರಿದವು. ಅವುಗಳಲ್ಲಿ ಮೊದಲನೆಯದು ತುಕ್ಕು ರೋಗ. ಎಲೆಯನ್ನು ಬೆರಳಿನಿಂದ ಸವರಿದರೆ ಪುಡಿ ಅಂಟುವುದರಿಂದ ಭಂಡಾರ ರೋಗ ಎಂಬ ಹೆಸರೂ ಇದಕ್ಕುಂಟು. ತುಕ್ಕಿನಲ್ಲಿ ಮೂರು ಬಗೆ: ಕಾಂಡವನ್ನು ಹಿಡಿಯುವ ಕಪ್ಪು ತುಕ್ಕು, ಎಲೆಯನ್ನು ಹಿಡಿಯುವ ಕಂದು ತುಕ್ಕು, ಸಾಲುಸಾಲಾಗಿ ಏಳುವ ಹಳದಿ ತುಕ್ಕು. ಹಳದಿ ತುಕ್ಕಿಗೆ ಹೆಚ್ಚು ಚಳಿ ಬೇಕಾದ್ದರಿಂದ ಅದು ಉತ್ತರದ ತಲೆನೋವು. ಕಪ್ಪು ಮತ್ತು ಕಂದು ತುಕ್ಕುಗಳು ನಮ್ಮ ತಲೆನೋವು. ಇವುಗಳ ಜೊತೆಗೆ ಬೈಪೊಲಾರಿಸ್ ಎಂಬ ಶಿಲೀಂಧ್ರದಿಂದ ಬರುವ ಎಲೆ ಅಂಗಮಾರಿ ಇದೆ. ತೇವ ಮತ್ತು ಬಿಸಿ ಕೂಡಿದಾಗ ಅದು ಕೆಳಗಿನ ಎಲೆಯಿಂದ ಮೇಲಕ್ಕೆ ಏರುತ್ತ ಹೋಗುತ್ತದೆ.

ಬಿಸಿಲಿಗೆ ಹಿಡಿದರೆ ಕಾಣುವ ಗೆರೆ

ಇವಲ್ಲದೆ ಗೋಧಿಗೆ ದುಂಡಾಣುಗಳಿಂದ, ಅಂದರೆ ಬ್ಯಾಕ್ಟೀರಿಯಾಗಳಿಂದ ಬರುವ ಎಲೆ ರೋಗವೂ ಉಂಟು. ಗಿಡಗಳಿಗೆ ಬ್ಯಾಕ್ಟೀರಿಯಾದಿಂದ ರೋಗ ಬರುತ್ತದೆಯೇ ಎಂಬುದೇ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ದೊಡ್ಡ ವಿವಾದವಾಗಿತ್ತು. ಬರುವುದಿಲ್ಲ ಎಂದು ಜರ್ಮನಿಯ ಆಲ್ಫ್ರೆಡ್ ಫಿಷರ್ ವಾದಿಸಿದರೆ, ಬರುತ್ತದೆ ಎಂದು ಅಮೆರಿಕದ ಎರ್ವಿನ್ ಸ್ಮಿತ್ ಪ್ರಯೋಗಗಳ ಆಧಾರದಿಂದ ಸಾಧಿಸಿ ತೋರಿಸಿದರು. ಅದೇ ಸ್ಮಿತ್ 1917ರಲ್ಲಿ ಗೋಧಿಯ ತೆನೆಯನ್ನು ಕಪ್ಪಾಗಿಸುವ ದುಂಡಾಣು ರೋಗವೊಂದನ್ನು ವರ್ಣಿಸಿದರು. ರೋಗಕಾರಕದ ಹೆಸರು ಝಾಂಥೊಮೊನಾಸ್ ಟ್ರಾನ್ಸ್‌ಲ್ಯುಸೆನ್ಸ್.

ಹೆಸರಿನ ಎರಡನೆಯ ಭಾಗಕ್ಕೆ ಅರೆಪಾರದರ್ಶಕ ಎಂದರ್ಥ. ಈ ರೋಗ ತಗುಲಿದ ಎಲೆಯನ್ನು ಬಿಸಿಲಿಗೆ ಎತ್ತಿ ಹಿಡಿದರೆ ನರಗಳ ನಡುವೆ ಎಣ್ಣೆ ಸವರಿದ ಕಾಗದದಂತೆ ಬೆಳಕು ಹಾಯುವ ಉದ್ದನೆಯ ಗೆರೆಗಳು ಕಾಣುತ್ತವೆ. ತೇವವಿದ್ದ ಬೆಳಗಿನಲ್ಲಿ ಆ ಗೆರೆಗಳ ಮೇಲೆ ಹಳದಿ ಬಣ್ಣದ ಅಂಟು ಹನಿಯುತ್ತದೆ. ಒಣಗಿದ ಮೇಲೆ ಅದು ತೆಳುವಾದ ಹೊಳೆಯುವ ಹೊಪ್ಪಳೆಯಾಗುತ್ತದೆ. ಇನ್ನೊಂದು ಸುಲಭ ಪರೀಕ್ಷೆಯನ್ನು ಯಾವ ಶಾಲೆಯ ಪ್ರಯೋಗಾಲಯದಲ್ಲೂ ಮಾಡಬಹುದು. ರೋಗದ ಗೆರೆಯಿರುವ ಎಲೆಯ ಸಣ್ಣ ತುಂಡನ್ನು ಗಾಜಿನ ಪಟ್ಟಿಯ ಮೇಲೆ ನೀರಿನ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ. ಕತ್ತರಿಸಿದ ಅಂಚಿನಿಂದ ಹೊಗೆಯ ಸುರುಳಿಯಂತೆ ಏನೋ ಹೊರಹರಿಯುತ್ತದೆ. ಅವು ಲಕ್ಷಗಟ್ಟಲೆ ದುಂಡಾಣುಗಳು. ಶಿಲೀಂಧ್ರದ ಕಲೆಯಾಗಿದ್ದರೆ ಹೀಗೆ ಹರಿಯುವುದಿಲ್ಲ.

ನಮ್ಮ ದೇಶದಲ್ಲಿ ಹಿಂದೆ ಹೆಸರಾಗಿದ್ದ ಗೋಧಿಯ ದುಂಡಾಣು ರೋಗ ಇನ್ನೊಂದು. ಪಂಜಾಬದಲ್ಲಿ ತುಂಡು ಎಂದು ಕರೆಯುತ್ತಿದ್ದ ಈ ರೋಗದ ದುಂಡಾಣುವನ್ನು 1917ರಲ್ಲಿ ಹಚಿನ್‌ಸನ್ ಎಂಬ ವಿಜ್ಞಾನಿ ವರ್ಣಿಸಿದರು. ಕಣ್ಣಿಗೆ ಕಾಣದ ಜಂತುಹುಳುವಿನ ಮೈಮೇಲೆ ಸವಾರಿ ಮಾಡಿ ಗಿಡ ಸೇರುವ ಈ ದುಂಡಾಣು ತೆನೆಯನ್ನೇ ಹಳದಿ ಲೋಳೆಯಾಗಿ ಮಾಡುತ್ತಿತ್ತು. ಅದರ ಪರಿಹಾರ ಮಾತ್ರ ಬಹಳ ಸರಳ. ಬೀಜವನ್ನು ಉಪ್ಪು ನೀರಿಗೆ ಹಾಕಿದರೆ ಹುಳುವಿರುವ ಹಗುರ ಗಂಟುಗಳು ತೇಲುತ್ತವೆ. ಅವನ್ನು ತೆಗೆದು, ಉಳಿದ ಬೀಜವನ್ನು ತೊಳೆದು ಒಣಗಿಸಿ ಬಿತ್ತಿದರೆ ಸಾಕು. ಸವಾರನ ಕುದುರೆಯನ್ನೇ ಕಿತ್ತುಕೊಂಡಂತೆ!

ಎಲೆಗೆರೆ ರೋಗಕ್ಕೆ ಇಂಥ ಸರಳ ಪರಿಹಾರ ಇಲ್ಲ. ಅದು ಬೀಜದ ಜೊತೆ ಬರುತ್ತದೆ, ಮಳೆಹನಿ ಸಿಡಿದಾಗ ಗಿಡದಿಂದ ಗಿಡಕ್ಕೆ ಹಾರುತ್ತದೆ, ಪತ್ರರಂಧ್ರದ ಮೂಲಕ ಒಳ ಸೇರುತ್ತದೆ. ಒಳ ಸೇರಿದ ಮೇಲೆ ಹೊರಗಿನಿಂದ ಸಿಂಪಡಿಸಿದ ಔಷಧ ಅದನ್ನು ಮುಟ್ಟುವುದು ಕಷ್ಟ. ಶಿಲೀಂಧ್ರನಾಶಕಗಳಂತೂ ದುಂಡಾಣುವಿನ ಮೇಲೆ ಹೆಚ್ಚಾಗಿ ಕೆಲಸ ಮಾಡುವುದೇ ಇಲ್ಲ. ಅಮೆರಿಕದ ಉತ್ತರ ಡಕೋಟಾ, ಮಿನೆಸೋಟ ಭಾಗಗಳಲ್ಲಿ ಕಳೆದ ಒಂದೂವರೆ ದಶಕದಿಂದ ಇದು ಹೆಚ್ಚಾಗಿ ಕಾಡುತ್ತಿದೆ. ಅಲ್ಲಿಯೂ ಕೊನೆಗೆ ಉಳಿದ ದಾರಿ ಒಂದೇ: ಶುದ್ಧ ಬೀಜ ಮತ್ತು ತಡೆದುಕೊಳ್ಳುವ ತಳಿಯ ಹುಡುಕಾಟ.

ನಮ್ಮ ತುಂಗಭದ್ರಾ ಅಚ್ಚುಕಟ್ಟಿನ ಭತ್ತದ ರೈತರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಭತ್ತದ ದುಂಡಾಣು ಅಂಗಮಾರಿಯನ್ನು ತರುವುದು ಇದೇ ಕುಲದ ಇನ್ನೊಂದು ಜೀವಿ. ಅಲ್ಲಿ ತಡೆಯುವ ವಂಶವಾಹಿಗಳು ಚೆನ್ನಾಗಿ ತಿಳಿದಿವೆ. ಅಂಥ ಮೂರನ್ನು ಒಂದೇ ತಳಿಯಲ್ಲಿ ಕೂಡಿಸಿ ಹೈದರಾಬಾದಿನ ವಿಜ್ಞಾನಿಗಳು ಸುಧಾರಿತ ಸಾಂಬಾ ಮಸೂರಿಯನ್ನು ರೂಪಿಸಿದರು. ಅದು 2008ರಲ್ಲಿ ಬಿಡುಗಡೆಯಾಯಿತು. ಗೋಧಿಯ ಎಲೆಗೆರೆ ರೋಗಕ್ಕೆ ಅಂಥ ಬಲವಾದ ಬೀಗದ ಕೈ ಇನ್ನೂ ಸಿಕ್ಕಿಲ್ಲ. ಸ್ವಲ್ಪ ಹೆಚ್ಚು ತಡೆಯುವ, ಸ್ವಲ್ಪ ಕಡಿಮೆ ತಡೆಯುವ ತಳಿಗಳಷ್ಟೇ ಇವೆ. ಅವುಗಳಲ್ಲಿ ಒಳ್ಳೆಯದನ್ನು ಆರಿಸಬೇಕಾದರೆ ರೋಗವನ್ನು ಕರೆದು ತಂದು ಪರೀಕ್ಷಿಸುವುದೇ ಮಾರ್ಗ. ದುಂಡಾಣುವಿರಲಿ, ನಮ್ಮಲ್ಲಿ ಹೆಚ್ಚು ಕಾಡುವ ತುಕ್ಕಿರಲಿ, ಪರೀಕ್ಷೆಯ ತತ್ವ ಒಂದೇ.

ಗಾಳಿ ಹಿಡಿದ ದಾರಿ

ದೂರದ ಧಾರವಾಡದಲ್ಲಿ ಗೋಧಿಯ ತುಕ್ಕನ್ನು ಪರೀಕ್ಷಿಸಿದರೆ ದೇಶಕ್ಕೇನು ಲಾಭ ಎಂದು ಕೇಳಬಹುದು. ಇದಕ್ಕೆ ಉತ್ತರ ಕೊಟ್ಟವರು ಆಗ್ರಾದ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಕರಂ ಚಂದ್ ಮೆಹ್ತಾ (1892–1950). ಬಯಲು ಸೀಮೆಯ ಬೇಸಿಗೆಯ ಬಿಸಿಲಿಗೆ ತುಕ್ಕಿನ ಬೀಜಾಣುಗಳು ಸತ್ತುಹೋಗುತ್ತವೆ. ಹಾಗಾದರೆ ಮರುವರ್ಷ ರೋಗ ಎಲ್ಲಿಂದ ಬರುತ್ತದೆ? ಯುರೋಪಿನಲ್ಲಿ ಬಾರ್ಬೆರಿ ಎಂಬ ಪೊದೆ ಕಪ್ಪು ತುಕ್ಕಿಗೆ ಆಸರೆ ಕೊಡುತ್ತಿತ್ತು. ಭಾರತದಲ್ಲಿ ಆ ಪೊದೆಗೆ ಅಂಥ ಪಾತ್ರ ಇಲ್ಲ ಎಂದು ಮೆಹ್ತಾ ತೋರಿಸಿದರು. ಬೆಟ್ಟಗಳ ತಂಪಿನಲ್ಲಿ, ಅಲ್ಲಿನ ಗೋಧಿ ಮತ್ತು ತಾನಾಗಿ ಬೆಳೆದ ಗಿಡಗಳ ಮೇಲೆ, ತುಕ್ಕು ಬೇಸಿಗೆ ಕಳೆದು ಗಾಳಿಯ ಜೊತೆ ಬಯಲಿಗೆ ಇಳಿಯುತ್ತದೆ ಎಂಬುದು ಅವರ ಮುಖ್ಯ ಶೋಧನೆ. ದಕ್ಷಿಣದಲ್ಲಿ ಆ ಬೆಟ್ಟಗಳು ನೀಲಗಿರಿ ಮತ್ತು ಪಳನಿ.

ಮುಂದೆ 1970ರ ದಶಕದಲ್ಲಿ ಎಸ್. ನಾಗರಾಜನ್ ಮತ್ತು ಅವರ ಸಂಗಡಿಗರು ಹವಾಮಾನದ ನಕ್ಷೆಗಳನ್ನು ಇಟ್ಟುಕೊಂಡು ಈ ದಾರಿಯನ್ನು ಇನ್ನಷ್ಟು ಸ್ಪಷ್ಟಪಡಿಸಿದರು. ನವೆಂಬರ್ ತಿಂಗಳ ಬಂಗಾಳ ಕೊಲ್ಲಿಯ ಚಂಡಮಾರುತಗಳು ನೀಲಗಿರಿಯ ಬೀಜಾಣುಗಳನ್ನು ಎತ್ತಿಕೊಂಡು ಮಧ್ಯ ಭಾರತದವರೆಗೆ ಒಯ್ಯುತ್ತವೆ. ಮಳೆ ಬಿದ್ದಾಗ ಬೀಜಾಣುಗಳೂ ಅದರೊಂದಿಗೆ ಹೊಲಕ್ಕೆ ಇಳಿಯುತ್ತವೆ. ಈ ದಾರಿಯ ಹಾದಿಬದಿಯಲ್ಲೇ ಇರುವುದು ನಮ್ಮ ಕರ್ನಾಟಕ. ನಮ್ಮ ಹೊಲದಲ್ಲಿ ರೋಗಕ್ಕೆ ಮಣಿಯುವ ತಳಿ ಇದ್ದರೆ ಬೀಜಾಣು ಇಲ್ಲಿ ತಂಗಿ, ಒಂದಕ್ಕೆ ಸಾವಿರವಾಗಿ ಮುಂದಕ್ಕೆ ಹೊರಡುತ್ತದೆ. ತಡೆಯುವ ತಳಿ ಇದ್ದರೆ ಅದರ ಪ್ರಯಾಣಕ್ಕೆ ಇಲ್ಲಿಯೇ ಅಡ್ಡಿ. ಗೋಧಿಯ ಕ್ಷೇತ್ರದಲ್ಲಿ ನಾವು ಚಿಕ್ಕವರಾದರೂ ನಾವಿರುವ ಜಾಗ ಚಿಕ್ಕದಲ್ಲ!

ಪರೀಕ್ಷೆ ಹೇಗೆ?

ಈಗ ಹೊಲಕ್ಕೆ ಬರೋಣ. ಪರೀಕ್ಷೆಗೆ ಬಂದ ನೂರಾರು ತಳಿಗಳನ್ನು ಒಂದೊಂದು ಸಾಲಿನಂತೆ ಬಿತ್ತುತ್ತಾರೆ. ಇಂತಿಷ್ಟು ಸಾಲುಗಳಿಗೊಮ್ಮೆ, ಮತ್ತು ಸುತ್ತಲೂ ಬೇಲಿಯಂತೆ, ರೋಗಕ್ಕೆ ಬೇಗ ತುತ್ತಾಗುವ ಹಳೆಯ ತಳಿಗಳನ್ನು ಹಾಕುತ್ತಾರೆ. ಆಗ್ರಾ ಲೋಕಲ್‌ನಂಥ ಈ ತಳಿಗಳ ಕೆಲಸ ಕಾಳು ಕೊಡುವುದಲ್ಲ, ರೋಗ ಹಂಚುವುದು. ಶಿಮ್ಲಾದ ಫ್ಲವರ್‌ಡೇಲ್‌ನಂಥ ತುಕ್ಕು ಸಂಶೋಧನಾ ಕೇಂದ್ರಗಳಲ್ಲಿ ಬೇರೆಬೇರೆ ಬಗೆಯ ತುಕ್ಕುಗಳನ್ನು ಜೀವಂತವಾಗಿ ಕಾಪಾಡಿ ಇಟ್ಟಿರುತ್ತಾರೆ. ಅಲ್ಲಿಂದ ಬಂದ ಬೀಜಾಣುಗಳನ್ನು ನೀರಿನಲ್ಲಿ ಕಲಸಿ ಸಿಂಪಡಿಸುವುದು ಒಂದು ಕ್ರಮ. ಸೂಜಿಯಿಂದ ಕಾಂಡದೊಳಗೆ ಚುಚ್ಚುವುದು ಇನ್ನೊಂದು ಕ್ರಮ. ಸಿಂಪಡಿಸುವುದು ಸಾಮಾನ್ಯವಾಗಿ ಸಂಜೆ. ಏಕೆಂದರೆ ಬೀಜಾಣು ಮೊಳೆತು ಎಲೆಯೊಳಗೆ ಇಳಿಯಲು ರಾತ್ರಿಯಿಡೀ ಇಬ್ಬನಿಯ ತೇವ ಬೇಕು. ದುಂಡಾಣುವಿನ ಪರೀಕ್ಷೆಯಾದರೆ ಬೀಜಾಣುವಿನ ಬದಲು ದುಂಡಾಣುಗಳನ್ನು ಬೆಳೆಸಿದ ನೀರನ್ನು ಸಿಂಪಡಿಸುತ್ತಾರೆ, ಅಥವಾ ಸೂಜಿಯಿಲ್ಲದ ಪಿಚಕಾರಿಯಿಂದ ಎಲೆಯೊಳಗೆ ಒತ್ತುತ್ತಾರೆ.

ಬೇಗ ತುತ್ತಾಗುವ ತಳಿ ಪೂರ್ತಿ ತುಕ್ಕು ಹಿಡಿದು ನಿಂತಾಗ ಅಂಕ ಹಾಕುವ ಕಾಲ ಬಂತು ಎಂದರ್ಥ. ಅದಕ್ಕೇ ರೋಗ ಬಾರದಿದ್ದರೆ ಪಕ್ಕದ ತಳಿ ಹಸಿರಾಗಿದ್ದುದು ಅದರ ಶಕ್ತಿಯಿಂದಲೋ ಅದೃಷ್ಟದಿಂದಲೋ ತಿಳಿಯುವುದಿಲ್ಲ. ಪ್ರಶ್ನೆಪತ್ರಿಕೆ ಕೊಡದೆ ಎಲ್ಲರನ್ನೂ ಪಾಸು ಮಾಡಿದಂತಾಗುತ್ತದೆ.

ಅಂಕ ಹಾಕುವ ಪದ್ಧತಿಯನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆಸ್ಟ್ರೇಲಿಯಾದಲ್ಲಿ ಕಾಬ್ ಎಂಬವರು ಆರಂಭಿಸಿದರು. 1948ರಲ್ಲಿ ಪೀಟರ್‌ಸನ್ ಮತ್ತು ಸಂಗಡಿಗರು ಅದನ್ನು ತಿದ್ದಿದರು. ಎಲೆಯ ಮೇಲೆ ತುಕ್ಕು ಎಷ್ಟು ಹರಡಿದೆ ಎಂಬುದನ್ನು ಶೇಕಡಾ ಲೆಕ್ಕದಲ್ಲಿ ಬರೆಯುತ್ತಾರೆ. ಇಲ್ಲೊಂದು ಸ್ವಾರಸ್ಯವಿದೆ. ಈ ಅಳತೆಯಲ್ಲಿ ಎಲೆಯ ಮೇಲ್ಮೈಯ ಶೇಕಡಾ 37 ಭಾಗವನ್ನು ತುಕ್ಕಿನ ಗುಳ್ಳೆಗಳು ಆಕ್ರಮಿಸಿದರೆ ಅದನ್ನೇ 100 ಎಂದು ಎಣಿಸುತ್ತಾರೆ. ಒಂದು ಎಲೆ ಅದಕ್ಕಿಂತ ಹೆಚ್ಚು ಗುಳ್ಳೆಗಳನ್ನು ಹೊರಲಾರದು ಎಂಬುದೇ ಕಾರಣ. ಎಲೆ ಅಂಗಮಾರಿಗೆ ಬೇರೆ ಅಳತೆ ಇದೆ. 1975ರಲ್ಲಿ ಸಾರಿ ಮತ್ತು ಪ್ರೆಸ್ಕಾಟ್ ಎಂಬವರು ಕೊಟ್ಟ ಅಳತೆಯನ್ನು ಆಧರಿಸಿದ ಆ ಕ್ರಮದಲ್ಲಿ 0ಯಿಂದ 9ರವರೆಗಿನ ಎರಡು ಅಂಕೆಗಳು. ರೋಗ ಗಿಡದಲ್ಲಿ ಎಷ್ಟು ಎತ್ತರಕ್ಕೆ ಏರಿದೆ ಎಂಬುದು ಮೊದಲ ಅಂಕೆ, ಎಲೆಯನ್ನು ಎಷ್ಟು ಕೆಡಿಸಿದೆ ಎಂಬುದು ಎರಡನೆಯದು.

ತುಕ್ಕಿನಲ್ಲಿ ಹರಡುವಿಕೆಯ ಜೊತೆಗೆ ಗುಳ್ಳೆಯ ಸ್ವರೂಪವನ್ನೂ ಗುರುತಿಸುತ್ತಾರೆ. ಗುಳ್ಳೆ ಚಿಕ್ಕದಾಗಿ ಸುತ್ತ ಎಲೆ ಒಣಗಿದ್ದರೆ ಗಿಡ ಹೋರಾಡುತ್ತಿದೆ ಎಂದು ಲೆಕ್ಕ. ದೊಡ್ಡದಾಗಿ ಒಡೆದು ಪುಡಿ ಉದುರುತ್ತಿದ್ದರೆ ಗಿಡ ಸೋತಿದೆ ಎಂದು ಲೆಕ್ಕ. ನಿರೋಧಕ ಗುಳ್ಳೆಗೆ 0.2, ಸಾಧಾರಣ ನಿರೋಧಕಕ್ಕೆ 0.4, ಸಾಧಾರಣ ದುರ್ಬಲಕ್ಕೆ 0.8, ಪೂರ್ತಿ ದುರ್ಬಲಕ್ಕೆ 1 ಎಂಬ ಗುಣಕಗಳಿವೆ. ಶೇಕಡಾವನ್ನು ಈ ಗುಣಕದಿಂದ ಗುಣಿಸಿ, ಎಲ್ಲ ಕೇಂದ್ರಗಳ ಸರಾಸರಿ ತೆಗೆಯುತ್ತಾರೆ. ಈ ಸರಾಸರಿ ಸಾಮಾನ್ಯವಾಗಿ 10ರ ಒಳಗಿದ್ದರೆ ತಳಿ ಮುಂದಿನ ತರಗತಿಗೆ.

ಒಂದು ಉದಾಹರಣೆ ಮಾಡಿ ನೋಡೋಣ. ಇವು ಲೆಕ್ಕ ತಿಳಿಯಲೆಂದು ಮಾಡಿಕೊಂಡ ಅಂಕೆಗಳು. ಐದು ಕೇಂದ್ರಗಳಲ್ಲಿ ಎರಡು ತಳಿಗಳನ್ನು ಪರೀಕ್ಷಿಸಿದ್ದಾರೆ ಎನ್ನಿ. ಮೊದಲನೆಯ ತಳಿ ನಾಲ್ಕು ಕಡೆ ಒಂದು ಚುಕ್ಕೆಯೂ ಇಲ್ಲದೆ ಹಸಿರಾಗಿದೆ. ಐದನೆಯ ಕಡೆ ಶೇಕಡಾ 60 ತುಕ್ಕು, ಗುಳ್ಳೆ ಪೂರ್ತಿ ದುರ್ಬಲ ಜಾತಿಯದು. ಸರಾಸರಿ 60ನ್ನು 5ರಿಂದ ಭಾಗಿಸಿದರೆ 12. ನಪಾಸು. ಎರಡನೆಯ ತಳಿಗೆ ಐದೂ ಕಡೆ ತುಕ್ಕು ಬಂದಿದೆ, ಆದರೆ ಎಲ್ಲೆಡೆ ಶೇಕಡಾ 20, ಗುಳ್ಳೆ ಸಾಧಾರಣ ನಿರೋಧಕ ಜಾತಿಯದು. 20ನ್ನು 0.4ರಿಂದ ಗುಣಿಸಿದರೆ 8. ಸರಾಸರಿಯೂ 8. ಪಾಸು! ಹೊಲ ನೋಡಲು ಬಂದವರು ಮೆಚ್ಚಿ ಫೋಟೋ ತೆಗೆಸಿಕೊಳ್ಳುವುದು ಮೊದಲನೆಯ ತಳಿಯ ಮುಂದೆ. ನಂಬಿ ಬಿತ್ತಬಹುದಾದದ್ದು ಎರಡನೆಯದನ್ನು.

ಕಲೆಯಿಲ್ಲದ ಎಲೆಯ ಮೋಸ

ಇದು ಬರೀ ಅಂಕಗಣಿತದ ಚಮತ್ಕಾರವಲ್ಲ. ಗಿಡದ ನಿರೋಧಕ ಶಕ್ತಿಯಲ್ಲಿ ಎರಡು ಜಾತಿ. ಒಂದು, ಬಾಗಿಲಿಗೆ ಹಾಕಿದ ಬೀಗದಂಥದು. ಒಂದೇ ವಂಶವಾಹಿಯಿಂದ ಬರುವ ಈ ಶಕ್ತಿ ಇದ್ದಷ್ಟು ದಿನ ರೋಗ ಒಳಗೆ ಕಾಲಿಡುವಂತಿಲ್ಲ. ಆದರೆ ತುಕ್ಕಿನ ಶಿಲೀಂಧ್ರ ಕೋಟಿಗಟ್ಟಲೆ ಬೀಜಾಣುಗಳನ್ನು ಉದುರಿಸುವ ಜೀವಿ. ಆ ಕೋಟಿಯಲ್ಲಿ ಒಂದಕ್ಕೆ ಆಕಸ್ಮಿಕವಾಗಿ ನಕಲಿ ಕೀಲಿಕೈ ಸಿಕ್ಕರೆ ಮುಗಿಯಿತು. ಆ ಬೀಗ ಹಾಕಿದ ಎಲ್ಲ ಮನೆಗಳೂ ಒಮ್ಮೆಲೇ ತೆರೆದುಕೊಳ್ಳುತ್ತವೆ.

ಇದಕ್ಕೆ ನಮ್ಮ ದೇಶದ ಇತಿಹಾಸವೇ ಸಾಕ್ಷಿ. ಹಸಿರು ಕ್ರಾಂತಿಯ ಕಾಲದ ಕಲ್ಯಾಣ ಸೋನಾ ತಳಿ 1967ರಲ್ಲಿ ಬಿಡುಗಡೆಯಾಗಿ ದೇಶದ ಉದ್ದಗಲಕ್ಕೂ ಹಬ್ಬಿತು. 1970ರ ದಶಕದ ಆರಂಭದಲ್ಲಿ ಕಂದು ತುಕ್ಕಿನ ಹೊಸ ಬಗೆಗಳೆದುರು ಅದು ಸೋತಿತು. ಕಂದು ತುಕ್ಕಿನ 77ನೆಯ ಬಗೆ ಎಂಬುದು ಮೊದಲು ಕಂಡದ್ದು 1954ರಲ್ಲಿ, ಬಿಹಾರದ ಪೂಸಾದಲ್ಲಿ. ಹೊಸ ಹೊಸ ತಳಿಗಳು ಬಂದಂತೆ ಅದು 77–1, 77–2 ಎಂದು ಕವಲೊಡೆಯುತ್ತ ಬಂದಿದೆ. ಕಪ್ಪು ತುಕ್ಕಿನ ಕಥೆಯೂ ಅದೇ. ಜಗತ್ತಿನ ಅನೇಕ ಗೋಧಿ ತಳಿಗಳು ಎಸ್‌ಆರ್ 31 ಎಂಬ ವಂಶವಾಹಿಯನ್ನು ನಂಬಿ ನಿಶ್ಚಿಂತೆಯಾಗಿದ್ದಾಗ, ಆಫ್ರಿಕದ ಉಗಾಂಡದಲ್ಲಿ 1998ರಲ್ಲಿ ಆ ಬೀಗವನ್ನು ತೆರೆಯುವ ತುಕ್ಕು ಕಾಣಿಸಿತು. ಮರುವರ್ಷ ಅದಕ್ಕೆ ಯುಜಿ 99 ಎಂಬ ಹೆಸರು ಬಂತು. ಅದು ಕೆನ್ಯಾ, ಇಥಿಯೋಪಿಯಾ, ಯೆಮನ್ ದಾಟಿ ಇರಾನಿನವರೆಗೆ ಬಂದಿತು. ಹೀಗಾಗಿ ಅದು ನಮ್ಮ ಬಾಗಿಲು ತಟ್ಟುವ ಮೊದಲೇ ಭಾರತದ ತಳಿಗಳನ್ನು ಕೆನ್ಯಾದ ಎನ್‌ಜೋರೊ ಎಂಬಲ್ಲಿಗೆ ಕಳಿಸಿ ಪರೀಕ್ಷಿಸುವ ಏರ್ಪಾಡು ಆಯಿತು.

ಎರಡನೆಯ ಜಾತಿಯ ಶಕ್ತಿ ಬೀಗದಂತಲ್ಲ, ಕೆಸರಿನ ದಾರಿಯಂತೆ. ಶತ್ರು ಒಳಗೆ ಬರುತ್ತಾನೆ, ಆದರೆ ವೇಗವಾಗಿ ನಡೆಯಲಾರ. ಗುಳ್ಳೆ ಏಳಲು ಹೆಚ್ಚು ದಿನ ಬೇಕು, ಗುಳ್ಳೆಯ ಗಾತ್ರ ಚಿಕ್ಕದು, ಉದುರುವ ಬೀಜಾಣು ಕಡಿಮೆ. ಅಷ್ಟರಲ್ಲಿ ಕಾಳು ತುಂಬಿಕೊಂಡು ಸುಗ್ಗಿ ಬಂದಿರುತ್ತದೆ. ಎಲೆಯ ಮೇಲೆ ಕಲೆ ಇದ್ದರೂ ಚೀಲದಲ್ಲಿ ಕಾಳಿಗೆ ಕೊರತೆ ಇರುವುದಿಲ್ಲ. ಇಂಥ ಶಕ್ತಿಯನ್ನು ಮುರಿಯುವುದು ರೋಗಕ್ಕೆ ಕಷ್ಟ. ಪರೀಕ್ಷೆಯ ಹೊಲದಲ್ಲಿ ಇದನ್ನು ಗುರುತಿಸುವುದೂ ಕಷ್ಟ, ಏಕೆಂದರೆ ಇದು ಕಣ್ಣಿಗೆ ಅಂದವಾಗಿ ಕಾಣುವುದಿಲ್ಲ.

ಕಪ್ಪು ತೆನೆಯ ಒಗಟು

ಈ ಕಷ್ಟಕ್ಕೆ ಒಂದು ಒಳ್ಳೆಯ ನಿದರ್ಶನ ಇದೆ. ಅಮೆರಿಕದ ದಕ್ಷಿಣ ಡಕೋಟಾದಲ್ಲಿ ಎಡ್ಗರ್ ಮ್ಯಾಕ್‌ಫ್ಯಾಡನ್ ಎಂಬ ಯುವಕ 1916ರಲ್ಲಿ ಒಂದು ಸಾಹಸಕ್ಕೆ ಕೈಹಾಕಿದ. ಕಪ್ಪು ತುಕ್ಕಿಗೆ ತುತ್ತಾಗುತ್ತಿದ್ದ ಮಾರ್ಕ್ವಿಸ್ ಎಂಬ ಸಾದಾ ಗೋಧಿಯನ್ನು ಯಾರೊಸ್ಲಾವ್ ಎಂಬ ಜವೆ ಜಾತಿಯ ಗೋಧಿಯೊಂದಿಗೆ ಸಂಕರಿಸಿದ. ಸಾದಾ ಗೋಧಿಗೆ 42 ವರ್ಣತಂತುಗಳು, ಜವೆ ಗೋಧಿಗೆ 28. ಇಂಥ ಮದುವೆಯಲ್ಲಿ ಸಂತಾನ ಸಿಗುವುದೇ ದುರ್ಲಭ. ಸಿಕ್ಕ ಬೆರಳೆಣಿಕೆಯ ಗಿಡಗಳನ್ನು ವರ್ಷಗಟ್ಟಲೆ ಬೆಳೆಸಿ ಆತ ಹೋಪ್ ಎಂಬ ತಳಿಯನ್ನು ಪಡೆದ. ಹೋಪ್ ಎಂದರೆ ಭರವಸೆ. ಅದರಿಂದ ಬಂದ ಎಸ್‌ಆರ್ 2 ಎಂಬ ವಂಶವಾಹಿ, ಮುಂದೆ ನಾರ್ಮನ್ ಬೋರ್ಲಾಗ್ ಅವರ ಮೆಕ್ಸಿಕೋ ಗೋಧಿಗಳನ್ನು ಸೇರಿ ಲೋಕವೆಲ್ಲ ಹರಡಿತು. ಇದು ಮೇಲೆ ಹೇಳಿದ ಎರಡನೆಯ ಜಾತಿಯ, ನಿಧಾನಗೊಳಿಸುವ ಶಕ್ತಿ. ನೂರು ವರ್ಷ ಕಳೆದರೂ ಅದು ಇನ್ನೂ ಉಪಯೋಗದಲ್ಲಿದೆ.

ಆದರೆ ಈ ವಂಶವಾಹಿಯ ಜೊತೆಗೆ ಒಂದು ಗುರುತೂ ಬರುತ್ತದೆ. ಗಿಡ ಮಾಗುವ ಕಾಲಕ್ಕೆ ತೆನೆಯ ಹೊಟ್ಟು ಮತ್ತು ಕಾಂಡದ ಗೆಣ್ಣಿನ ಹತ್ತಿರ ಕಪ್ಪು ಬಣ್ಣ ಏರುತ್ತದೆ. ನೋಡಿದವರಿಗೆ ಎರ್ವಿನ್ ಸ್ಮಿತ್ ವರ್ಣಿಸಿದ ದುಂಡಾಣು ರೋಗದ ಕಪ್ಪು ತೆನೆಯೇ ನೆನಪಾಗಬೇಕು! ವಿಜ್ಞಾನಿಗಳು ಇದನ್ನು ಹುಸಿ ಕಪ್ಪು ತೆನೆ ಎಂದೇ ಕರೆದಿದ್ದಾರೆ. ದುಂಡಾಣು ರೋಗ ಎಂದು ತಿಳಿದು ಕಪ್ಪಾದ ಗಿಡಗಳನ್ನೆಲ್ಲ ಕಿತ್ತೆಸೆದರೆ, ತುಕ್ಕಿನ ವಿರುದ್ಧ ನಮ್ಮಲ್ಲಿರುವ ಅತ್ಯಂತ ಬಾಳಿಕೆಯ ಆಯುಧವನ್ನೇ ಎಸೆದಂತೆ. ಹಾಗೆಂದು ಎಲ್ಲ ಕಪ್ಪು ತೆನೆಗಳನ್ನೂ ಉಳಿಸಿಕೊಂಡರೆ ನಿಜವಾದ ದುಂಡಾಣು ಬೀಜದ ಜೊತೆ ಮುಂದಿನ ವರ್ಷಕ್ಕೆ ದಾಟುತ್ತದೆ. ಎಲೆಯನ್ನು ಬಿಸಿಲಿಗೆ ಹಿಡಿದು ಬೆಳಕು ಹಾಯುವ ಗೆರೆ ಇದೆಯೇ, ಹಳದಿ ಅಂಟು ಇದೆಯೇ, ನೀರಿನಲ್ಲಿ ಹೊಗೆಯಂತೆ ಹರಿಯುತ್ತದೆಯೇ ಎಂದು ನೋಡಿಯೇ ತೀರ್ಮಾನಿಸಬೇಕು. ಹೊಲದಲ್ಲಿ ಬಗ್ಗಿ ಎಲೆ ನೋಡುವ ಕಣ್ಣಿಗೆ ಎಂಥ ತರಬೇತಿ ಬೇಕು ಎಂಬುದಕ್ಕೆ ಇಷ್ಟು ಸಾಕು.

ನಮ್ಮ ಖಪ್ಲಿಯ ಲೋಕಸಂಚಾರ

ಮ್ಯಾಕ್‌ಫ್ಯಾಡನ್ ಬಳಸಿದ ಜವೆ ಗೋಧಿ ರಷ್ಯದ ಕಡೆಯದು. ಆದರೆ ನಮ್ಮ ಜವೆ ಗೋಧಿಯೂ ಸುಮ್ಮನೆ ಕುಳಿತಿಲ್ಲ. ಭಾರತದಿಂದ ಅಮೆರಿಕಕ್ಕೆ ಹೋದ ಗೋಧಿಯೊಂದು ಖಪ್ಲಿ ಎಂಬ ಹೆಸರಿನಿಂದಲೇ ಪ್ರಸಿದ್ಧವಾಯಿತು. ಮಿನೆಸೋಟದ ಸ್ಟಾಕ್‌ಮನ್ ಮತ್ತು ಲೆವಿನ್ ಎಂಬ ವಿಜ್ಞಾನಿಗಳು 1922ರಲ್ಲಿ ಕಪ್ಪು ತುಕ್ಕಿನ ಬಗೆಗಳನ್ನು ಗುರುತಿಸಲು 12 ಗೋಧಿಗಳ ಒಂದು ಗುಂಪು ಮಾಡಿದರು. ಯಾವ ತುಕ್ಕು ಯಾವ ಗೋಧಿಯನ್ನು ಹಿಡಿಯುತ್ತದೆ, ಯಾವುದನ್ನು ಬಿಡುತ್ತದೆ ಎಂದು ನೋಡಿ ಅದಕ್ಕೆ ನಂಬರು ಕೊಡುವ ಕ್ರಮ ಅದು. ಆ ಹನ್ನೆರಡರಲ್ಲಿ ಒಂದು ಖಪ್ಲಿ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ವಾಟರ್‌ಹೌಸ್ ಎಂಬ ವಿಜ್ಞಾನಿ ಖಪ್ಲಿಯನ್ನು ಸ್ಟೀನ್‌ವೆಡೆಲ್ ಎಂಬ ಅಲ್ಲಿನ ಗೋಧಿಯೊಡನೆ ಸಂಕರಿಸಿ ಖಾಪ್‌ಸ್ಟೀನ್ ಎಂಬ ಗೋಧಿಯನ್ನು ಪಡೆದರು. ಹೆಸರಿನ ಅರ್ಧ ನಮ್ಮದು, ಅರ್ಧ ಅವರದು!

ಖಪ್ಲಿಯಿಂದ ಗುರುತಿಸಿದ ನಿರೋಧಕ ವಂಶವಾಹಿಗಳಲ್ಲಿ ಎಸ್‌ಆರ್ 13 ಮತ್ತು ಎಸ್‌ಆರ್ 14 ಮುಖ್ಯವಾದವು. ಯುಜಿ 99 ಬಂದಾಗ ಎಲ್ಲೆಡೆ ಹಳೆಯ ವಂಶವಾಹಿಗಳನ್ನು ಮತ್ತೆ ಪರೀಕ್ಷಿಸಿ ನೋಡಿದರು. ಅದನ್ನು ತಡೆಯಬಲ್ಲವುಗಳ ಪಟ್ಟಿಯಲ್ಲಿ ಎಸ್‌ಆರ್ 13 ಕೂಡ ಸೇರಿತು. 2017ರಲ್ಲಿ ಈ ವಂಶವಾಹಿಯನ್ನು ಬೇರ್ಪಡಿಸಿ ಅದರ ರಚನೆಯನ್ನೂ ಬಿಡಿಸಿದರು. ಹೊಟ್ಟು ಬಿಡಿಸುವುದು ಕಷ್ಟ, ಇಳುವರಿ ಕಡಿಮೆ ಎಂದು ಒಂದು ಕಾಲಕ್ಕೆ ಮೂಲೆಗೆ ಸರಿದಿದ್ದ ಧಾನ್ಯದೊಳಗೆ ಇಷ್ಟೆಲ್ಲ ಅಡಗಿತ್ತು.

ಧಾರವಾಡದ ವಿಜ್ಞಾನಿಗಳು ಈ ಜವೆ ಗೋಧಿಯನ್ನು ಕೈಬಿಡಲಿಲ್ಲ ಎಂಬುದು ಸಮಾಧಾನದ ಸಂಗತಿ. ಹಳೆಯ ಜವೆ ಗೋಧಿ ಎತ್ತರಕ್ಕೆ ಬೆಳೆದು ನೀರು, ಗೊಬ್ಬರ ಕೊಟ್ಟರೆ ಬಾಗಿ ಬೀಳುತ್ತಿತ್ತು. ಅದನ್ನು ಗಿಡ್ಡ ಮಾಡಿ ಡಿ.ಡಿ.ಕೆ. 1009, ಡಿ.ಡಿ.ಕೆ. 1025, ಡಿ.ಡಿ.ಕೆ. 1029 ಎಂಬ ತಳಿಗಳನ್ನು ಅವರು ಕೊಟ್ಟರು. ಸಾದಾ ಗೋಧಿಯಲ್ಲಿ ಡಿ.ಡಬ್ಲ್ಯು.ಆರ್. 162, ಆಮೇಲೆ ಯು.ಎ.ಎಸ್. 304 ಮೊದಲಾದವು ಇಲ್ಲಿಯವೇ. ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದೆಂಬ ಮಾತಿನಿಂದ ಪೇಟೆಯಲ್ಲಿ ಖಪ್ಲಿಗೆ ಈಗ ಬೇಡಿಕೆ ಬಂದಿದೆ. ಬೇಡಿಕೆಯ ಕಾರಣ ಏನೇ ಇರಲಿ, ಹೊಲದಲ್ಲಿ ಬೆಳೆಯುತ್ತಿರುವ ಧಾನ್ಯ ಉಳಿಯುತ್ತದೆ ಎಂಬುದು ಮುಖ್ಯ.

ರೈತರಿಗೆ ಇದರಿಂದ ಏನು?

ಇಷ್ಟೆಲ್ಲ ತಿಳಿದ ಮೇಲೆ ಕೆಲವು ಮಾತುಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನಿರೋಧಕ ತಳಿ ಎಂಬ ಚೀಟಿ ಆಜೀವ ಪ್ರಮಾಣಪತ್ರವಲ್ಲ. ಹತ್ತು ವರ್ಷದ ಹಿಂದೆ ತುಕ್ಕು ತಡೆಯುತ್ತಿದ್ದ ತಳಿ ಇಂದು ತಡೆಯದೇ ಹೋಗಬಹುದು. ತಳಿ ಕೆಡಲಿಲ್ಲ, ರೋಗ ಬದಲಾಯಿತು. ಆದ್ದರಿಂದ ಮನೆಯ ಬೀಜವನ್ನೇ ವರ್ಷಾನುಗಟ್ಟಲೆ ಬಿತ್ತುವವರು ಈಗ ಶಿಫಾರಸಿನಲ್ಲಿರುವ ತಳಿ ಯಾವುದು ಎಂದು ಬಿತ್ತುವ ಮೊದಲು ಕೃಷಿ ವಿಶ್ವವಿದ್ಯಾಲಯದಲ್ಲೋ ರೈತ ಸಂಪರ್ಕ ಕೇಂದ್ರದಲ್ಲೋ ವಿಚಾರಿಸಬೇಕು. ಊರಿಗೆ ಊರೇ ಒಂದೇ ತಳಿ ಬಿತ್ತುವುದಕ್ಕಿಂತ ಎರಡು ಮೂರು ತಳಿಗಳನ್ನು ಹಂಚಿಕೊಂಡು ಬಿತ್ತುವುದು ಲೇಸು. ಒಂದು ಬೀಗ ಮುರಿದರೂ ಎಲ್ಲ ಬಾಗಿಲು ತೆರೆಯುವುದಿಲ್ಲ. ಎಲೆಯ ಮೇಲೆ ನಾಲ್ಕು ಚುಕ್ಕೆ ಕಂಡೊಡನೆ ತಳಿಯನ್ನು ಬೈಯುವುದೂ ಬೇಡ. ಅದು ಏರುತ್ತಿದೆಯೇ, ನಿಂತಿದೆಯೇ ಎಂದು ವಾರ ಬಿಟ್ಟು ಮತ್ತೆ ನೋಡಬೇಕು. ಬೆಳಕು ಹಾಯುವ ಗೆರೆ, ಹಳದಿ ಅಂಟು ಕಂಡ ಹೊಲದ ಕಾಳನ್ನು ಮಾತ್ರ ಬೀಜಕ್ಕೆ ಇಡಬಾರದು. ತುಂತುರು ನೀರಾವರಿ ಇದ್ದರೆ ಅಂಥ ಹೊಲಕ್ಕೆ ನೀರನ್ನು ಮೇಲಿನಿಂದ ಕೊಡದಿರುವುದು ಒಳ್ಳೆಯದು.

ಇನ್ನೊಂದು ಮಾತು ನಮ್ಮೆಲ್ಲರಿಗೆ. ರೋಗದ ಹೊಲದ ಕೆಲಸಕ್ಕೆ ಹೆಸರು ಬರುವುದು ಕಡಿಮೆ. ಹೊಸ ತಳಿ ಬಿಡುಗಡೆಯಾದರೆ ಪತ್ರಿಕೆಯಲ್ಲಿ ಸುದ್ದಿ; ನೂರು ತಳಿಗಳಲ್ಲಿ ತೊಂಬತ್ತನ್ನು ಇವು ರೈತರಿಗೆ ಬೇಡ ಎಂದು ತಡೆದು ನಿಲ್ಲಿಸಿದರೆ ಅದು ಸುದ್ದಿಯಲ್ಲ. ಆದರೆ ನವೆಂಬರಿನ ಗಾಳಿ ಪ್ರತಿವರ್ಷವೂ ಬೀಸುತ್ತದೆ. ಅದರಲ್ಲಿ ಹಳೆಯ ಬೀಜಾಣು ಬಂತೋ ಹೊಸದು ಬಂತೋ ಎಂಬುದನ್ನು ಮೊದಲು ಹೇಳಬೇಕಾದುದು ಈ ಹೊಲಗಳೇ. ಖರ್ಚು ಉಳಿಸುವ ಮಾತು ಬಂದಾಗ ಈ ಪರೀಕ್ಷೆಯನ್ನು ಒಂದೆರಡು ವರ್ಷ ನಿಲ್ಲಿಸಿದರೆ ಏನಾಯಿತು ಎಂದು ಯಾರಿಗಾದರೂ ಅನಿಸಬಹುದು. ಕಲ್ಯಾಣ ಸೋನಾ ಬಿಡುಗಡೆಯಾಗಿ ಸೋಲಲು ಹಿಡಿದದ್ದು ಕೆಲವೇ ವರ್ಷ ಎಂಬುದನ್ನು ಅವರಿಗೆ ನೆನಪಿಸಿದರೆ ಸಾಕು.